ಒದ್ದೆಯಾದ ಕಟ್ಟು

ಈ ಕಥೆಯನ್ನು ಮೊದಲು ಹೇಳಿದವರು ಚಾಮರಾಜಪೇಟೆಯ ನಿವೃತ್ತ ನರ್ಸ್ ದಾಕ್ಷಾಯಣಮ್ಮ. ೧೯೮೫ರ ಶ್ರಾವಣದ ಒಂದು ಮಧ್ಯಾಹ್ನ, ಗೌರಿಹಬ್ಬಕ್ಕೆ ಗೆಜ್ಜೆವಸ್ತ್ರ ಹೊಸೆಯಲು ಅವರ ಮನೆಯಲ್ಲಿ ಕೂಡಿದ್ದ ಹೆಂಗಸರಿಗೆ.

ಮಲ್ಲೇಶ್ವರದಲ್ಲಿ ಆಂಡಾಳ್ ಎಂಬ ಹುಡುಗಿ ಒಂದು ಶಾಲೆಯಲ್ಲಿ ಮೇಡಂ ಆಗಿದ್ದಳು. ಇಪ್ಪತ್ತಾರು ತುಂಬುವ ಹೊತ್ತಿಗೆ ಎದೆಯ ಭಾರ ಅವಳ ಬೆನ್ನು ಬಗ್ಗಿಸಿತ್ತು. ಒಳಕುಪ್ಪಸದ ಪಟ್ಟಿ ಭುಜದಲ್ಲಿ ಬೆರಳು ಹುದುಗುವಷ್ಟು ಹಳ್ಳ ಕೊರೆದಿತ್ತು. ಹೆಣ್ಣು ನೋಡಲು ಬಂದವರು ಮುಖ ನೋಡುತ್ತಿರಲಿಲ್ಲ. ೧೯೭೯ರ ಬೇಸಿಗೆ ರಜೆಯಲ್ಲಿ ಅವಳು ಎದೆ ಚಿಕ್ಕದು ಮಾಡಿಸುವ ಆಪರೇಷನ್ನಿಗೆ ಮನಸ್ಸು ಮಾಡಿದಳು.

"ತೊಟ್ಟನ್ನ ಪೂರ್ತಿ ಬಿಡಿಸಿ ಮೇಲೆ ಕಸಿ ಮಾಡ್ಬಹುದು. ಅದು ಸುಲಭ. ಆದ್ರೆ ಹಾಲು ಬರಲ್ಲ," ಎಂದರು ಡಾಕ್ಟರು.

"ಅದು ಬೇಡಿ ಡಾಕ್ಟ್ರೇ. ನಾನು ಮಗೂಗೆ ಹಾಲು ಕೊಡ್ಬೇಕು."

"ಮೊದ್ಲು ಗಂಡ ಸಿಗ್ಲಿ ತಾಯಿ," ಎಂದು ನಕ್ಕು ಡಾಕ್ಟರು ಗಂಭೀರರಾದರು. "ಸರಿ, ಒಂದು ಮಾಂಸದ ಪಟ್ಟಿ ಮೇಲೆ ತೊಟ್ಟು ಉಳಿಸ್ಕೊಂಡು, ಸುತ್ತಲದ್ದು ತೆಗೆದು ಮೇಲಕ್ಕೆ ಸರಿಸ್ತೀನಿ. ಆ ಪಟ್ಟೀಲಿ ರಕ್ತ ಹರಿದ್ರೆ ತೊಟ್ಟು ಬದುಕತ್ತೆ. ಕಟ್ಟು ಬಿಚ್ಚೋವರೆಗೂ ಒಂದು ಹನಿ ನೀರು ತಾಕ್ಬಾರ್ದು."

ಆಪರೇಷನ್ ಆದ ಆರನೆಯ ದಿನ ಮನೆಗೆ ಕಳಿಸಿದರು. ತಾಯಿ ಜಾನಕಮ್ಮ ಹಿತ್ತಲ ಬಾಗಿಲಲ್ಲೇ ನೀರಿಟ್ಟುಕೊಂಡು ನಿಂತಿದ್ದರು.

"ಅಲ್ಲೇ ನಿಲ್ಲೇ. ಯಾರ್ಯಾರು ಸತ್ತ ಮಂಚವೋ ಏನೋ! ಆಸ್ಪತ್ರೆ ಮೈಲಿಗೇಲಿ ಪೆರುಮಾಳ್ ದೇವ್ರು ಇರೋ ಮನೆಯೊಳಗೆ ಬರ್ತೀಯಾ?"

"ಅಮ್ಮಾ, ನೀರು ತಾಕ್ಬಾರ್ದು ಅಂದಿದಾರೆ."

"ಟವೆಲ್ ಸುತ್ಕೋ. ಮೂರೇ ಚೊಂಬು. ನಿನ್ ಡಾಕ್ಟ್ರಿಗೆ ಮಡಿ ಗೊತ್ತೇನೆ?"

ಆಂಡಾಳ್ ತಲೆ ಬಗ್ಗಿಸಿದಳು. ಟವೆಲೂ ನೆನೆಯಿತು, ಕಟ್ಟೂ ನೆನೆಯಿತು. ಡಾಕ್ಟರು ಬೈದಾರೆಂದು ಹೆದರಿ, ಒದ್ದೆ ಕಟ್ಟಿನ ಮೇಲೆ ಒಣಸೀರೆ ಉಟ್ಟು ನಾಲ್ಕು ದಿನ ಬಾಯಿ ಬಿಡಲಿಲ್ಲ. ಐದನೆಯ ದಿನ ಚಳಿಜ್ವರ. ಆಸ್ಪತ್ರೆಯಲ್ಲಿ ದಾಕ್ಷಾಯಣಮ್ಮ ಕಟ್ಟು ಬಿಚ್ಚಿದಾಗ ಕೋಣೆಯೆಲ್ಲ ನಾರಿತು. ಬಲಗಡೆ ಉಳಿದಿತ್ತು, ಎಡದ ತೊಟ್ಟು ನೇರಳೆಯಂತೆ ಕಪ್ಪಾಗಿತ್ತು. ಡಾಕ್ಟರು ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆದರು.

ಬೆನ್ನೇನೋ ನೆಟ್ಟಗಾಯಿತು. ಮದುವೆಯೂ ಆಯಿತು. ೧೯೮೩ರಲ್ಲಿ ಹೆಣ್ಣುಮಗು. ಮೂರನೆಯ ದಿನ ಎರಡೂ ಕಡೆ ಹಾಲು ಇಳಿಯಿತು. ಬಲಗಡೆ ಮಗು ಚೀಪಿ ಕುಡಿಯಿತು. ಆಂಡಾಳ್ ಕಣ್ಣು ಮುಚ್ಚಿ ನಕ್ಕಳು. ಎಡಗಡೆ ಹೊರಬರಲು ದಾರಿಯಿಲ್ಲದ ಹಾಲು ಕಲ್ಲಾಗಿ, ಕೀವಾಗಿ, ಜ್ವರ ನೆತ್ತಿಗೇರಿತು. ಜೀವ ಉಳಿಯಬೇಕಾದರೆ ಮಾತ್ರೆ ಕೊಟ್ಟು ಹಾಲು ನಿಲ್ಲಿಸಬೇಕೆಂದರು ಡಾಕ್ಟರು. ಮಾತ್ರೆಗೆ ಎಡಬಲ ತಿಳಿಯದು. ವಾರದೊಳಗೆ ಎರಡೂ ಬತ್ತಿದವು.

ಜಾನಕಮ್ಮ ಬಾಟಲಿ ಹಿಡಿದು ಬಂದರು. ಆಂಡಾಳ್ ಮಗುವನ್ನೆತ್ತಿ ತಾಯಿಯ ಕೈಗಿಟ್ಟಳು.

"ನೀನೇ ಸಾಕ್ಕೋ ಅಮ್ಮಾ," ಎಂದು ಗೋಡೆಗೆ ಮುಖ ತಿರುಗಿಸಿದಳು.

"ಮಗು ಈಗ?" ಎಂದು ಕೇಳಿದಳು ಗೆಜ್ಜೆವಸ್ತ್ರ ಹೊಸೆಯುತ್ತಿದ್ದ ಪಕ್ಕದ ಮನೆಯ ಕಲ್ಯಾಣಮ್ಮ.

"ಅಜ್ಜಿ ಹತ್ರಾನೇ ಇದೆ ಕಣಮ್ಮ. ಇವತ್ತಿಗೂ ಆಂಡಾಳ್ ಅದನ್ನ ಎತ್ಕೊಂಡಿಲ್ಲ," ಎಂದರು ದಾಕ್ಷಾಯಣಮ್ಮ.

ಹೆಂಗಸರು ಸೀರೆಗೆ ಅಂಟಿದ ಹತ್ತಿಯನ್ನು ಕೊಡವಿಕೊಂಡು, ಕುಂಕುಮ ಹಚ್ಚಿಸಿಕೊಂಡು ಎದ್ದು ತಮ್ಮ ತಮ್ಮ ಮನೆಗೆ ಹೋದರು.