ಸತ್ತ ದೊರೆಯ ಮುದ್ರೆ

ದೋಣಿಯಿಂದ ಇಳಿದ ಓಲೆಕಾರ, ಹೋರಿ ಎಂಬವನ ಮುಖ ನೋಡಿದ ಕೂಡಲೇ ಕೋಟೆಯ ನಾಯಕ ಇಬಿಯಾನಿಗೆ ಸುದ್ದಿ ಏನೆಂದು ತಿಳಿಯಿತು. ಗಲ್ಲದ ಮೇಲೆ ಒಂದು ಕೂದಲೂ ಇರಗೊಡದ ದೋಣಿಯವ ಇಂದು ಮುಳ್ಳುಮುಳ್ಳು ಗಡ್ಡ ಬಿಟ್ಟುಕೊಂಡು ಬಂದಿದ್ದ. ದೊರೆ ಸತ್ತರೆ ಎಪ್ಪತ್ತು ದಿನ ಯಾರೂ ಕ್ಷೌರ ಮಾಡಿಸಿಕೊಳ್ಳುವಂತಿಲ್ಲ.

"ಓಲೆ ತಂದಿದೀನಿ ದಣಿ, ನಿಮ್ಮ ಬಿಡುಗಡೆ ಓಲೆ," ಎಂದು ಹೋರಿ ನೆಲ ನೋಡುತ್ತ ಕೈ ಚಾಚಿದ.

"ದೊರೆ ಯಾವಾಗ ಹೋದ?"

"ಮುದ್ರೆ ಒತ್ತಿದ ನಾಲ್ಕನೇ ದಿನಕ್ಕೆ."

ಇದು ಮೂರನೇ ಸಲ. ಕುಶ್ ನಾಡಿನ ಗಡಿಯ ಈ ಬಂಡೆಗಳ ನಡುವೆ ಇಬಿಯಾ ಇಪ್ಪತ್ತೆರಡು ವರ್ಷ ಕಳೆದಿದ್ದ. ಬಿಡುಗಡೆ ಬೇಡಿ ಬರೆದಾಗಲೆಲ್ಲ ಓಲೆ ಹೊರಡುತ್ತಿತ್ತು, ಅದು ಕೋಟೆ ಮುಟ್ಟುವುದರೊಳಗೆ ದೊರೆ ಸಾಯುತ್ತಿದ್ದ. ಹೊಸ ದೊರೆ ಬಂದರೆ ನಾಡಿನ ವರ್ಷದ ಎಣಿಕೆ ಅವನ ಹೆಸರಲ್ಲಿ ಮತ್ತೆ ಒಂದರಿಂದ. ಹಳೆಯವನ ಮುದ್ರೆಯ ಓಲೆ ಒಲೆಗೆ. ತನ್ನೂರಾದ ನೆಖೆಬ್‌ನ ಗುಡ್ಡದ ಗೋರಿಯಲ್ಲಿ ಹೆಂಡತಿ ಇತಾ ಒಬ್ಬಳೇ ಮಲಗಿದ್ದಳು, ಪಕ್ಕದಲ್ಲಿ ಅವನ ಜಾಗ ಖಾಲಿ. ಹೋದ ಪ್ರವಾಹದ ಕಾಲದಿಂದ ಅವನ ಕೆಮ್ಮಿನಲ್ಲಿ ರಕ್ತ ಬರುತ್ತಿತ್ತು. ಸತ್ತವರಿಗೆ ಒಂದು ರೊಟ್ಟಿ ಇಟ್ಟು ಹೆಸರು ಹಿಡಿದು ಕರೆಯುವವರಿಲ್ಲದ ಈ ಮರಳಲ್ಲಿ ಹೂತರೆ ಮುಗಿಯಿತು, ಇತಾ ಎಲ್ಲೋ, ತಾನೆಲ್ಲೋ.

"ಹೋರಿ, ನೀನು ಇನ್ನೂ ಬಂದಿಲ್ಲ ಕಣೋ," ಎಂದ ಇಬಿಯಾ ತಟ್ಟನೆ. "ದೋಣಿಗೆ ಹೋಗಿ ಗಡ್ಡ ಬೋಳಿಸ್ಕೊಂಡು ಬಾ. ಆಮೇಲೆ ಓಲೆ ಕೊಡು. ನಾನು ಮಧ್ಯಾಹ್ನದೊಳಗೆ ಹೊರಟುಬಿಡ್ತೀನಿ."

"ಅವರನ್ನೇನು ಮಾಡ್ತೀರಿ?" ಹೋರಿ ಇಬಿಯಾನ ಬೆನ್ನ ಹಿಂದಕ್ಕೆ ಕಣ್ಣು ಹಾಯಿಸಿದ.

ಕೋಟೆಯ ಬಾಗಿಲಲ್ಲಿ ಕರಣಿಕ ಸೆನ್ಬಿ ನಿಂತಿದ್ದ. ಅವನು ದಿನಾಂಕ ಹಾಕಿ ಬರೆದುಕೊಡದೆ ನದಿಯ ಕೆಳಗಿನ ಯಾವ ಕೋಟೆಯವರೂ ನಾಯಕನನ್ನು ದಾಟಲು ಬಿಡುತ್ತಿರಲಿಲ್ಲ.

"ಬರಿ ಸೆನ್ಬಿ. ಮೂರನೇ ವರ್ಷ ಅಂತ ಹಾಕು."

"ಸತ್ತವರ ಮೂರನೇ ವರ್ಷನಾ? ನನ್ನ ಮೂಗು ಕುಯ್ತಾರೆ ದಣಿ."

"ಮೂಗಿದ್ದು ಏನು ಕಡಿದು ಗುಡ್ಡೆ ಹಾಕಿದೀಯ?"

ಸೆನ್ಬಿ ನಗಲಿಲ್ಲ. "ಸತ್ತ ದೊರೆ ಮುದ್ರೆ ನಡೆಯಲ್ಲ ಅಂತ ಹೇಳಿಕೊಟ್ಟವರು ನೀವೇ. ಆ ಮೆಂತುನಖ್ತ ಅಪ್ಪನ್ನ ಮಣ್ಣು ಮಾಡಕ್ಕೆ ಹೋಗ್ಬೇಕು ಅಂತ ರಜೆ ಓಲೆ ಹಿಡ್ಕೊಂಡು ಅತ್ತಾಗ, ನೀವು ಇದೇ ಬಾಗಿಲಲ್ಲಿ ನಿಂತು ಹಾಗೇ ಅಂದ್ರಿ."

ಇಬಿಯಾನಿಗೆ ಎಲ್ಲವೂ ನೆನಪಿತ್ತು. ಮೆಂತುನಖ್ತ ಆಗ ಹತ್ತು ಬಿಲ್ಲಾಳುಗಳ ಮೇಲಿನವ. ಅವನ ಅಪ್ಪ ಹೇಪುವನ್ನು ಯಾರೋ ಪರರು ಹೂತರು.

ಹೋರಿ ಕೆಮ್ಮಿದ. "ಹೊಸ ದೊರೆ ಯಾರು ಅಂತ ನೀವು ಕೇಳಲೇ ಇಲ್ಲ."

"ಯಾರಾದ್ರೆ ನನಗೇನು?"

"ಅದೇ ಮೆಂತುನಖ್ತ. ಈಗ ಮಹಾದಂಡನಾಯಕ ಆಗಿದ್ರಲ್ಲ. ಕುಮಾರರು ಇಬ್ಬರೂ ಸಿಂಹಾಸನಕ್ಕೆ ಕಚ್ಚಾಡ್ತಿದ್ರೆ, ಇವರು ದಂಡು ತಗೊಂಡು ಹೋಗಿ ದೊರೆ ಹೆಣಕ್ಕೇ ಕಾವಲು ಹಾಕಿದ್ರು. ಯಾರು ಮಣ್ಣು ಮಾಡ್ತಾರೋ ಅವರೇ ಮಗ, ಮಗನೇ ದೊರೆ. ಇನ್ನೇನು?"

ಇಬಿಯಾ ಮೆಟ್ಟಿಲ ಮೇಲೆ ಕೂತ. ಹೆತ್ತ ಅಪ್ಪನನ್ನು ಹೂಳಲು ತಾನು ಯಾರನ್ನು ಬಿಡಲಿಲ್ಲವೋ ಅವನೇ ಈಗ ಇನ್ನೊಬ್ಬರ ಅಪ್ಪನನ್ನು ಹೂತು ದೊರೆಯಾಗುತ್ತಿದ್ದ! ತನ್ನ ಅರ್ಜಿ ಇನ್ನು ಅವನ ಕೈಗೇ ಹೋಗಬೇಕು.

"ಬರಿ," ಎಂದ ಕೊನೆಗೆ. "ಒಂದನೇ ವರ್ಷ. ಮಾಮೂಲಿ ಹೊಗಳಿಕೆ ಎಲ್ಲ ಹಾಕು. ನನ್ನ ಹೆಂಡತಿ ಪಕ್ಕ ಜಾಗ ಇದೆ, ಅಲ್ಲಿಗೆ ಕಳಿಸಿ ಅಂತ ಬರಿ. ಆಮೇಲೆ... ಅವತ್ತು ನಿಮ್ಮ ತಂದೆ ಹೇಪು ಅವರ ವಿಷಯದಲ್ಲಿ ನಾನು ತಪ್ಪು ಮಾಡಿದೆ ಅಂತ ಬರಿ."

ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಆದರೆ ಸೆನ್ಬಿಯ ಲೇಖನಿ ಅಲ್ಲಾಡಲಿಲ್ಲ.

"ಅದನ್ನ ಬರೆಯೋ ಹಾಗಿಲ್ಲ ದಣಿ. ಈಗ ಅವರ ತಂದೆ ಸತ್ತ ದೊರೆ. ಹೇಪು ಮಗ ಅಂದ್ರೆ ಸಿಂಹಾಸನ ನಿಂದಲ್ಲ ಅಂದ ಹಾಗೆ. ನಿಮ್ಮ ತಲೆ ಹೋಗುತ್ತೆ, ನನ್ನದೂ ಹೋಗುತ್ತೆ."

"ಥೂ! ಬಿಡುಗಡೇನೂ ಇಲ್ಲ, ತಪ್ಪಾಯ್ತು ಅನ್ನಕ್ಕೂ ಇಲ್ಲವಾ?" ಇಬಿಯಾ ಪಕ್ಕದಲ್ಲಿದ್ದ ಬಿಯರ್ ಗಡಿಗೆಯನ್ನು ಒದ್ದ. ಅದು ಒಡೆಯಲೂ ಇಲ್ಲ, ಉರುಳಿ ಹೋಗಿ ಗೋಡೆಗೆ ತಾಗಿ ನಿಂತಿತು.

ಬರೀ ಹೊಗಳಿಕೆಯ ಅರ್ಜಿ ಹೋರಿಯ ಬುಟ್ಟಿ ಸೇರಿತು. ಇಬಿಯಾ ದಡದವರೆಗೂ ಅವನ ಹಿಂದೆಯೇ ಹೋದ.

"ಎದುರಿಗೆ ಸಿಕ್ರೆ ನೀನಾದ್ರೂ ಒಂದು ಮಾತು ಹೇಳೋ."

"ದೊರೆ ನನಗೆ ಎದುರಿಗೆ ಸಿಗ್ತಾರಾ ದಣಿ? ಮೂತಿ ಮಣ್ಣಿಗೊತ್ತಿ ಮಲಗಿರ್ತೀನಿ," ಎಂದು ಹೋರಿ ಹಗ್ಗ ಬಿಚ್ಚಿದ.

ದೋಣಿ ಬಂಡೆಯ ತಿರುವು ದಾಟಿದ ಮೇಲೆ ಇಬಿಯಾ ಅಡುಗೆಯವನಿಂದ ಒಂದು ಬಾರ್ಲಿ ರೊಟ್ಟಿ ತರಿಸಿ ದಡದ ಕಲ್ಲಿನ ಮೇಲಿಟ್ಟ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಪುವಿನ ಹೆಸರನ್ನು ಗಟ್ಟಿಯಾಗಿ ಒಮ್ಮೆ ಕರೆದ. ಆಮೇಲೆ ಇತಾಳ ಹೆಸರನ್ನು.

ಅಷ್ಟರಲ್ಲಿ, ದೊರೆ ಸತ್ತ ಸುದ್ದಿ ಗೊತ್ತಿಲ್ಲದ ಕೋಟೆಯ ಕ್ಷೌರಿಕ ಕತ್ತಿ ಮಸೆಯುತ್ತ ಬಂದ. "ಕೂತ್ಕೊಳಿ ದಣಿ, ಗಡ್ಡ ಬೆಳೆದಿದೆ."

"ಬೆಳೀಲಿ ಬಿಡೋ, ಹಾಳಾದವನೇ! ಎಪ್ಪತ್ತು ದಿನ ಈ ಕಡೆ ತಲೆ ಹಾಕಬೇಡ," ಎಂದು ಇಬಿಯಾ ಅವನ ಮೇಲೆ ಹರಿಹಾಯ್ದ.