ಆರುನೂರು ನಂಬರಿನ ರಸ್ತೆ

ಅಣ್ಣ ಧನರಾಜನ ಮಗಳಿಗೆ ತೊಟ್ಟಿಲಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. ಹಿರಿಯ ಕೂಸಿಗೆ ಅಕ್ಕ ಲಲಿತಾಬಾಯಿ ಇಟ್ಟಾಗಿತ್ತು. ಈ ಸಲ ತಂಗಿ ಜಯಮಾಲಾಳ ಪಾಳಿ. ಸ್ನೇಹಲ್ ಎಂಬ ಹೆಸರನ್ನು ಅವಳು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದಳು. ಹೊತ್ತಿಗೆ ಸರಿಯಾಗಿ ತಾನು ಹೋಗಿ ಮುಟ್ಟದಿದ್ದರೆ ಅಕ್ಕನೇ ತೊಟ್ಟಿಲಿಗೆ ಬಗ್ಗಿ ಮುತ್ತಜ್ಜಿಯ ಹೆಸರು ಹೇಳಿಬಿಡುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಂಬುಬಾಯಿ! ಮುತ್ತಜ್ಜಿ ದೊಡ್ಡ ಮನುಷ್ಯಳೇ, ಆದರೆ ಆ ಹೆಸರು ಹೊತ್ತುಕೊಂಡು ಕೂಸು ನಾಳೆ ಸಾಲಿಗೆ ಹೋಗಬೇಕಲ್ಲ.

ತೊಂಬತ್ತಾರರ ಆ ಚಳಿಗಾಲದಲ್ಲಿ ಹುಮನಾಬಾದಿನಿಂದ ಅಣ್ಣನ ಊರಾದ ಬಸವಕಲ್ಯಾಣಕ್ಕೆ ಬಸ್ಸಿಗೇನೂ ಬರವಿರಲಿಲ್ಲ. ಆದರೆ ಗಂಡ ಶಂಕರಲಿಂಗನ ಬಳಿ ಹೊಸ ಲೂನಾ ಮೊಪೆಡ್ ಇತ್ತು, ಅದಕ್ಕಿಂತ ಹೊಸದೊಂದು ನಕಾಶೆ ಇತ್ತು. ಕಾಲುವೆ ಸರ್ವೆಗೆ ಬಂದವರ ಜೊತೆ ಅವನು ಕೆಲವು ದಿನ ಅಳತೆಗೋಲು ಹಿಡಿದು ನಿಂತಿದ್ದ. ಅವರ ನಕಾಶೆಯನ್ನು ಬಜಾರಿನಲ್ಲಿ ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದ. ಅಂದಿನಿಂದ ಕಿರಾಣಿ ಅಂಗಡಿಗೆ ಹೋಗುವುದಕ್ಕೂ ದಿಕ್ಕು ನೋಡುತ್ತಿದ್ದ.

“ಹೈವೇ ಮ್ಯಾಲ ಬರೇ ಕಬ್ಬಿನ ಟ್ರ್ಯಾಕ್ಟರ್. ಗುಡ್ಡದ ಕಡಿಂದ ಹೋಗೂಣು. ನೋಡಿಲ್ಲಿ, ಸಣ್ಣ ಗೆರಿ ಅಂದ್ರ ಬಂಡಿ ಹಾದಿ, ದಪ್ಪ ಗೆರಿ ಅಂದ್ರ ಪಕ್ಕಾ ರೋಡ್. ನಂಬರ್ ಸೈತ ಬರದಾರ, ಆರುನೂರು.”

“ಇಷ್ಟೊಂದು ರೋಡ್ ಅದಾವೇನ್ರಿ ನಮ್ಮ ಕಡಿ?”

“ಸರಕಾರದ ನಕಾಶೆ ಸುಳ್ಳು ಹೇಳ್ತದೇನು?”

ಜಯಮಾಲಾ ಸೆರಗು ಬಿಗಿದುಕೊಂಡು ಲೂನಾದ ಹಿಂದಿನ ಸೀಟಿಗೆ ಕೂತಳು. ಏಳನೆಯ ತರಗತಿಗೇ ಸಾಲಿ ಬಿಟ್ಟವಳು. ಎರಡನೇ ಪ್ರಶ್ನೆ ಕೇಳುವ ರೂಢಿ ಅವಳಿಗಿರಲಿಲ್ಲ.

ಗುಡ್ಡದ ಸೊಂಟಕ್ಕೆ ಸುತ್ತಿಕೊಂಡಂತೆ ಒಂದು ಹಾದಿ ಸಿಕ್ಕಿತು. ಪಕ್ಕಾ ರೋಡೇನಲ್ಲ, ಕೆಂಪು ಮಣ್ಣಿನದು. “ಡಾಂಬರ್ ಹಾಕೂದು ಬಾಕಿ ಅದ,” ಎಂದ ಶಂಕರಲಿಂಗ. “ಲೂನಾ ಎಷ್ಟು ಸಲೀಸ್ ಓಡಾಕತ್ತದ ನೋಡು!”

ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಅವರನ್ನು ನೋಡಿ ನಕ್ಕಳು. ಬಹಳ ಹೊತ್ತಿನ ಮೇಲೆ ಅದೇ ಮುದುಕಿ, ಅವೇ ಆಡು ಮತ್ತೆ ಎದುರಾದವು.

“ಏ ತಮ್ಮಾ, ಮತ್ತ ಬಂದ್ಯಾ? ಹೆಣ್ತಿನ್ನ ಕರಕೊಂಡು ಗುಡ್ಡಕ್ಕ ಪ್ರದಕ್ಷಿಣಿ ಹಾಕಾಕತ್ತೀಯೇನು? ಹರಕಿ ಹೊತ್ತೀಯೇನಪ್ಪಾ?”

ಶಂಕರಲಿಂಗ ಲೂನಾ ನಿಲ್ಲಿಸಿ, ಸೀಟಿನ ಮೇಲೆ ನಕಾಶೆ ಹಾಸಿದ. ಜಯಮಾಲಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಹೊತ್ತು ಏರುತ್ತಿತ್ತು. ಅಲ್ಲಿ ತೊಟ್ಟಿಲು ಕಟ್ಟಿಯಾಗಿರಬೇಕು.

“ರೀ, ರೋಡ್ ಅಂದಮ್ಯಾಲ ಎಲ್ಲ್ಯರ ಒಂದಕ್ಕೊಂದು ಕೂಡಬೇಕಲ್ಲ? ಇವು ಒಂದೂ ಕೂಡಂಗಿಲ್ಲ. ಬಳಿಯಾಗ ಬಳಿ ಇಟ್ಟಂಗ ಅದಾವ. ಈ ರೋಡಿಗೆ ಊರೇ ಇಲ್ಲ.”

ಶಂಕರಲಿಂಗ ತಲೆ ಕೆರೆದುಕೊಂಡ. ಸರ್ವೆ ಸಾಹೇಬರ ಮೂಲ ನಕಾಶೆಯಲ್ಲಿ ಈ ಗೆರೆಗಳು ಕಂದು, ರಸ್ತೆ ಕೆಂಪು, ಹಳ್ಳ ನೀಲಿ. ಝೆರಾಕ್ಸು ಎಲ್ಲವನ್ನೂ ಕರಿ ಮಾಡಿ ಕೊಟ್ಟಿತ್ತು.

“ಥೂ, ಇವು ಎತ್ತರದ ಗೆರಿ! ಆರುನೂರು ಅಂದ್ರ ಸಮುದ್ರದಿಂದ ಆರುನೂರು ಮೀಟರ್ ಮ್ಯಾಲ. ಅದೇ ಗೆರಿ ಹಿಡದು ಹೊಂಟ್ರ ಏರೂ ಇಲ್ಲ, ಇಳಕಲೂ ಇಲ್ಲ. ಸಾಹೇಬ್ರು ಹೇಳಾಕತ್ತಿದ್ರು, ಅರ್ಧಕ್ಕ ನಾ ಚಹಾ ತರಾಕ ಹೋದೆ.”

“ಉಳಿದರ್ಧ ಗುಡ್ಡ ಹೇಳ್ತು ಬಿಡ್ರಿ,” ಎಂದಳು ಜಯಮಾಲಾ. ಅವನು ಹೊರಳಿ ನೋಡಿದ. ಹೆಂಡತಿ ಹೀಗೆ ಚೇಷ್ಟೆ ಮಾಡಿದ್ದನ್ನು ಅವನು ಕೇಳಿದ್ದೇ ಇಲ್ಲ.

ಇಬ್ಬರೂ ಸೇರಿ ಗೆರೆ ನೋಡಿದರು. ಮುದುಕಿ ನಿಂತ ಕಡೆ ಗೆರೆಗಳು ಒತ್ತೊತ್ತಾಗಿದ್ದವು. ಅಂದರೆ ಅಲ್ಲಿ ಇಳಿಜಾರು ಕಡಿದು, ಆಡಿನ ಹೊರತು ಯಾರೂ ಇಳಿಯಲಾರರು. ಪಡುವಣಕ್ಕೆ ಅವು ದೂರ ದೂರ ಸರಿದಿದ್ದವು. ಹಾಗಿದ್ದರೆ ಇಳಿಜಾರು ಸಲೀಸು. ಅದೇ ಕಡೆಯಿಂದ ಲೂನಾ ಹಿಡಿದು ದಬ್ಬುತ್ತ ಇಳಿದರು. ಕೆಳಗೆ ನಿಜವಾದ ಡಾಂಬರು ಸಿಕ್ಕಾಗ ಶಂಕರಲಿಂಗ, “ನಾ ಹೇಳಿದ್ದಿಲ್ಲಾ?” ಎಂದ.

ಬಸವಕಲ್ಯಾಣದ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಲಲಿತಾಬಾಯಿ ತೊಟ್ಟಿಲಿಗೆ ಬಗ್ಗಿಯಾಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಯುತ್ತಲೇ ಹೆಸರಿಟ್ಟವಳ ಬೆನ್ನಿಗೆ ಗುದ್ದುವುದು ವಾಡಿಕೆ. ಸುತ್ತಲಿದ್ದವರ ಮುಷ್ಟಿಗಳು ಮೇಲೆದ್ದಿದ್ದವು. ಅಡ್ಡ ಇದ್ದವರನ್ನು ಸರಿಸಿ ತೊಟ್ಟಿಲ ತನಕ ಹೋಗಲು ಹೊತ್ತೇ ಇರಲಿಲ್ಲ.

“ಸ್ನೇಹಲ್!”

ಹೊಸ್ತಿಲ ಮೇಲೆ ನಿಂತ, ಕೆಂಪು ಧೂಳು ಮೆತ್ತಿದ ಜಯಮಾಲಾ ಕೂಗಿದ್ದಳು. ಅಡುಗೆಮನೆಯಿಂದಾಚೆ ಯಾರೂ ಕೇಳಿರದ ಆ ದನಿಗೆ ಕೂಸು ಕಿಟಾರನೆ ಕಿರುಚಿತು. ಲಲಿತಾಬಾಯಿ ಮೆಲ್ಲಗೆ ಸೊಂಟ ನೆಟ್ಟಗೆ ಮಾಡಿದಳು.

“ನಾ ಇನ್ನಾ ‘ಅಂ’ ಅಂದಿದ್ದೆ ನೋಡ್ರವ್ವಾ! ಏ ಜಯಾ, ಕಿವ್ಯಾಗ ಹೇಳೋ ಹೆಸರು ಹುಲಸೂರತನಕ ಕೇಳಿಸಿದಿ!”

ಎದ್ದ ಮುಷ್ಟಿಗಳು ಸುಮ್ಮನೆ ಇಳಿಯುತ್ತವೆಯೇ? ಎಲ್ಲರೂ ಜಯಮಾಲಾಳನ್ನು ಎಳೆದುಕೊಂಡು ಹೋಗಿ ತೊಟ್ಟಿಲಿಗೆ ಬಗ್ಗಿಸಿ ಬೆನ್ನಿಗೆ ಗುದ್ದಿದರು. ಎಲ್ಲಕ್ಕಿಂತ ಜೋರಿನ ಗುದ್ದು ಅಕ್ಕನದು.