ಹನ್ನೊಂದು ಮರಗಳ ದಾರಿ

ಹುಲ್ಲಿನ ಚಪ್ಪಲಿಯ ದಾರ ಹಾತ್ಸುಮಿಯ ಬೆರಳಿಂದ ಮತ್ತೆ ಜಾರಿತು. ತೀರಿಕೊಂಡ ಕಿಕುನೊ ಅಜ್ಜಿಯ ಎಡಗಾಲು ಪಕ್ಕದ ಮನೆಯವಳಾದ ಹಾತ್ಸುಮಿಯ ಪಾಲಿಗೆ, ಬಲಗಾಲು ಮಗಳು ರಿತ್ಸುಕೊಳ ಪಾಲಿಗೆ ಬಂದಿತ್ತು. ಯಾತ್ರೆಯ ಬಿಳಿ ಬಟ್ಟೆ ಉಡಿಸಿ ಆಗಿತ್ತು. ಕೋಲು ಪಕ್ಕದಲ್ಲಿತ್ತು. ಸತ್ತವರು ಆ ಲೋಕಕ್ಕೆ ನಡೆದೇ ಹೋಗಬೇಕಲ್ಲ.

“ಏಳು ತಿಂಗಳು ಹೊಸ್ತಿಲು ದಾಟದೋಳು. ಈಗ ಅಷ್ಟು ದೂರ ಹೆಂಗೆ ನಡೀತಾಳೋ,” ಎಂದಳು ರಿತ್ಸುಕೊ.

ಅಜ್ಜಿಯ ಜೊತೆ ಹೊರಟರೆ ತನ್ನ ಕುಂಟು ಬೆಕ್ಕೇ ಮೊದಲು ಮುಟ್ಟುತ್ತಿತ್ತು ಎಂದು ಮೀನಂಗಡಿಯ ಮುದುಕ ಬಾಗಿಲಿಂದ ಹೇಳಿದ. ಕೂತವರು ನಕ್ಕರು.

ರಿತ್ಸುಕೊ ದನಿ ತಗ್ಗಿಸಿದಳು. “ಮರ ಕಡಿಯೋಕೆ ಅಮ್ಮ ಯಾಕೆ ಒಪ್ಪಿದ್ಲು ಅಕ್ಕ? ಕಾಗದದಲ್ಲಿ ಅವಳ ಮುದ್ರೆ ಇತ್ತಂತೆ.”

*

ಮನೆ ಮುಂದಿನ ಇಳಿಜಾರಿನ ಉದ್ದಕ್ಕೂ ಹನ್ನೊಂದು ಕೆಯಾಕಿ ಮರಗಳಿದ್ದವು. ಒಂದರ ಕೊಂಬೆ ದಾರಿಗೆ ಅಡ್ಡವಾಗಿ ತಗ್ಗಿತ್ತು, ಅದರಡಿ ಎಲ್ಲರೂ ತಲೆ ಬಗ್ಗಿಸಿಯೇ ದಾಟಬೇಕಿತ್ತು. ಅಜ್ಜಿ ದಿನಾ ಒಂದೊಂದನ್ನೂ ಮುಟ್ಟಿಕೊಂಡು ಅಂಚೆ ಕಚೇರಿಯವರೆಗೆ ಹೋಗಿ ಬರುತ್ತಿದ್ದಳು.

ಕಣ್ಣು ಮಂಜಾದ ಮೇಲೆ ಅವಳು ಸಹಿಯ ಬದಲು ಒತ್ತುವ ತನ್ನ ಮುದ್ರೆಯನ್ನು ಹಾತ್ಸುಮಿಗೆ ಕೊಟ್ಟಿದ್ದಳು. ಕೇರಿಯ ಸುತ್ತೋಲೆ ಬಂದಾಗ ಹಾತ್ಸುಮಿಯೇ ಓದಿ ಹೇಳಿ ಒತ್ತುತ್ತಿದ್ದಳು. ಎಲ್ಲ ಮನೆಯವರೂ ಒಪ್ಪಿದರೆ ಮರ ತೆಗೆಯುತ್ತೇವೆ ಎಂಬ ಸುತ್ತೋಲೆ ಬಂದ ದಿನ ಹಾತ್ಸುಮಿ ಚರಂಡಿಯಿಂದ ಆ ಮರಗಳ ನಾಲ್ಕು ಚೀಲ ಎಲೆ ಬಳಿದಿದ್ದಳು. ಸೊಂಟ ಹಿಡಿದಿತ್ತು. ತನ್ನ ಮುದ್ರೆ ಒತ್ತಿದಳು. ಓದಿ ಹೇಳದೆ ಅಜ್ಜಿಯದನ್ನೂ ಒತ್ತಿದಳು.

ಮರ ಹೋದ ಮರುದಿನ ಅಜ್ಜಿ ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತಿದ್ದಳು. “ದಾರಿ ಎಲ್ಲಿಂದ ಶುರುವಾಗತ್ತೆ ಅಂತಾನೇ ಗೊತ್ತಾಗ್ತಿಲ್ಲ ಕಣೇ,” ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

*

“ಅವರು ಒಪ್ಪಿರಲಿಲ್ಲ,” ಎಂದಳು ಹಾತ್ಸುಮಿ. “ನಾನೇ ಒತ್ತಿದ್ದು. ಅವರಿಗೆ ಹೇಳ್ಲೂ ಇಲ್ಲ.”

ರಿತ್ಸುಕೊ ಬಲಗಾಲಿನ ಗಂಟನ್ನು ಪೂರ್ತಿ ಮಾಡಿದಳು. ಆಮೇಲೆ ಎದ್ದು ತಾಯಿಯ ಪಟವನ್ನು ತಂದು ಹಾತ್ಸುಮಿಯ ಮಡಿಲಲ್ಲಿಟ್ಟಳು. ಶವದ ಮುಂದೆ ಅದನ್ನು ಹಿಡಿಯಬೇಕಾದವಳು ಮಗಳು.

“ನೀವೇ ಮುಂದೆ ನಡೀರಿ. ಅಮ್ಮ ನಡೀತಿದ್ದಷ್ಟೇ ನಿಧಾನ.”

ಶವದ ಗಾಡಿ ಕೆಳಗೆ ಅಂಚೆ ಕಚೇರಿಯ ಹತ್ತಿರ ನಿಂತಿತ್ತು. ಮಟಮಟ ಮಧ್ಯಾಹ್ನ, ಗಾಳಿ ಇರಲಿಲ್ಲ. ಬೇರು ಕಿತ್ತ ಗುಂಡಿಗಳನ್ನೂ ಡಾಂಬರು ಮುಚ್ಚಿತ್ತು. ಹಾತ್ಸುಮಿ ಪಟ ಹಿಡಿದು ನೇರ ನಡೆದಳು. ಹಿಂದಿನ ಹೆಜ್ಜೆಗಳು ಮಾತ್ರ ನೇರ ಬರುತ್ತಿರಲಿಲ್ಲ. ಸ್ವಲ್ಪ ಬಂದು, ತಡೆದು, ಪಕ್ಕಕ್ಕೆ ಸರಿದು, ಮತ್ತೆ ಬರುತ್ತಿದ್ದವು.

ಅವಳು ತಿರುಗಿದಳು.

ಶವಪೆಟ್ಟಿಗೆ ಹೊತ್ತವರು ಆರು ಮಂದಿ. ಎಲ್ಲರೂ ಗಾಡಿಯ ಜೊತೆ ಬಂದ ಬೇರೆ ಊರಿನವರು, ಈ ಕೇರಿಗೆ ಇವತ್ತೇ ಮೊದಲು ಬಂದವರು. ಖಾಲಿ ರಸ್ತೆಯಲ್ಲಿ ಅವರು ಏನನ್ನೋ ಬಳಸಿಕೊಂಡು ಬಂದರು. ಆಮೇಲೆ ಆರೂ ಜನ ಒಟ್ಟಿಗೆ ತಲೆ ಬಗ್ಗಿಸಿ, ಮೂರು ಹೆಜ್ಜೆ ಹಾಗೇ ನಡೆದು, ತಲೆ ಎತ್ತಿದರು.